ಹಣೆಯ ಮೇಲಿನ ಮುದ್ರೆ ಯಾರದ್ದು?

ಪ್ರಶ್ನೆ: ಮಗಳಿಗೆ 14 ವರ್ಷ. ಹಸುಗೂಸಾಗಿದ್ದಾಗಲೇ ಜ್ಞಾನಸ್ನಾನವಾಗಿದೆ (ಬ್ಯಾಪ್ಟಿಸಮ್), ಪರಮಪ್ರಸಾದವನ್ನೂ (ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಕೊಡುವ ರೊಟ್ಟಿ) ಸ್ವೀಕರಿಸುತ್ತಾಳೆ. ಈಗ ದೃಢೀಕರಣದ (ಜ್ಞಾನಸ್ನಾನ ಪಡೆದವರನ್ನು ಪವಿತ್ರಾತ್ಮರ ವರದಿಂದ ಬಲಪಡಿಸುವ ಕಥೋಲಿಕ ಸಂಸ್ಕಾರ, ಕನ್ಫರ್ಮೇಷನ್) ತರಗತಿಗೆ ಹೆಸರು ಕೊಡಬೇಕು. 'ನನ್ನ ವಿಶ್ವಾಸವೇ ಗಟ್ಟಿಯಿಲ್ಲ, ಏನೆಂದು ದೃಢೀಕರಿಸಲಿ?' ಎನ್ನುತ್ತಾಳೆ. ಮುಂದೂಡಲೇ? ಆ ವೇಳೆ ಅವಳ ಪಕ್ಕ ಜ್ಞಾನತಾಯಿಯಾಗಿ (ವಿಶ್ವಾಸದಲ್ಲಿ ನೆರವಾಗುವವಳಾಗಿ) ಹೆತ್ತ ತಾಯಿಯಾದ ನಾನೇ ನಿಲ್ಲಬಹುದೇ?

ಉತ್ತರ: ನಿಮ್ಮ ಮಗಳ ಪ್ರಾಮಾಣಿಕತೆ ಮೆಚ್ಚುವಂಥದ್ದು. ಅವಳ ದಾರಿ ತಪ್ಪಿಸಿರುವುದು ಆ ಪದ. ದೃಢೀಕರಣ ಎಂದೊಡನೆ ನಕಲು ಪ್ರತಿಗೆ ಹಾಕಿಸುವ ಸಹಿ-ಮೊಹರು ನೆನಪಾಗುತ್ತದೆ. ಈ ಸಂಸ್ಕಾರದಲ್ಲಿ ದೃಢಪಡಿಸುವವರು ದೇವರು, ದೃಢವಾಗುವವಳು ಅವಳು. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯ ಓದಿಸಿ: ಸಮಾರಿಯದವರಿಗೆ ಜ್ಞಾನಸ್ನಾನ ಆಗಲೇ ಆಗಿತ್ತು, ಪ್ರೇಷಿತರಾದ ಪೇತ್ರ, ಯೊವಾನ್ನರು ಬಂದು ಕೈಯಿಟ್ಟಾಗ ಅವರು ಪವಿತ್ರಾತ್ಮರನ್ನು ಪಡೆದರು.

ಧರ್ಮಾಧ್ಯಕ್ಷರು (ಬಿಷಪ್) ಬಲಗೈ ಹೆಬ್ಬೆರಳನ್ನು ಕ್ರಿಸ್ಮ ಎಂಬ ಪವಿತ್ರ ತೈಲದಲ್ಲಿ ಅದ್ದಿ, ಅವಳ ಹೆಸರು ಹಿಡಿದು ಕರೆದು, ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ; ಪವಿತ್ರಾತ್ಮರ ವರದ ಮುದ್ರೆಯನ್ನು ಸ್ವೀಕರಿಸು ಎನ್ನುತ್ತಾರೆ. ಅವಳು 'ಆಮೆನ್' ಎಂದರೆ ಸಾಕು. ಜ್ಞಾನಸ್ನಾನದ ದಿನ ನೆತ್ತಿಗೆ ಹಚ್ಚಿದ್ದೂ ಇದೇ ಪರಿಮಳದ ಎಣ್ಣೆ. (ಕೂದಲು ಹಣೆಗೆ ಬೀಳದಂತೆ ಹಿಂದಕ್ಕೆ ಕಟ್ಟಿರಲಿ, ಎಣ್ಣೆ ಒರೆಸಿಕೊಳ್ಳುವ ಅವಸರ ಬೇಡ.)

ಪೂರ್ವದ ಸಭೆಗಳಲ್ಲಿ (ಪೂರ್ವ ದೇಶಗಳ ಪರಂಪರೆಯ ಕ್ರೈಸ್ತ ಸಭೆಗಳು) ಹಸುಗೂಸಿಗೇ ಜ್ಞಾನಸ್ನಾನದ ಜೊತೆ ಈ ಅಭ್ಯಂಗವೂ, ಅಂದರೆ ಎಣ್ಣೆ ಹಚ್ಚುವ ವಿಧಿಯೂ, ನಡೆಯುತ್ತದೆ. ವಿಶ್ವಾಸದ ಪಕ್ವತೆಯೇ ಅಳತೆಗೋಲಾಗಿದ್ದರೆ ಅದು ಸಾಧ್ಯವಿತ್ತೇ? ರೋಮಿನ ವಿಧಿ ಅನುಸರಿಸುವ ಲ್ಯಾಟಿನ್ ಸಭೆಯಲ್ಲಿ 1910ರಲ್ಲಿ ಹತ್ತನೇ ಪಯಸ್ ಜಗದ್ಗುರುಗಳು (ಪೋಪ್) ಮೊದಲ ಪರಮಪ್ರಸಾದವನ್ನು ಸುಮಾರು 7ನೇ ವಯಸ್ಸಿಗೆ ತಂದ ಮೇಲೆ, ಬಹಳ ಕಡೆ ದೃಢೀಕರಣ ಅದರ ನಂತರಕ್ಕೆ ಸರಿಯಿತು. ಧರ್ಮೋಪದೇಶದ ಕೊನೆಯ ಪರೀಕ್ಷೆಯೆಂಬಂತೆ ಜನ ಅದನ್ನು ಕಾಣತೊಡಗಿದರು. ಎಷ್ಟೋ ಮಕ್ಕಳು ಅದು ಮುಗಿದೊಡನೆ ಚರ್ಚಿನಿಂದ ದೂರವಾಗುವುದು ನೋವಿನ ಸಂಗತಿ.

ಆದರೂ ಅಭ್ಯಂಗಕ್ಕೆ ಮುನ್ನ ಜ್ಞಾನಸ್ನಾನದ ಪ್ರತಿಜ್ಞೆಗಳನ್ನು ಅವಳೇ ಬಾಯಿಬಿಟ್ಟು ಹೇಳಬೇಕು. ಶಂಕೆ ಬೇರೆ, ಒಲ್ಲೆ ಎನ್ನುವುದು ಬೇರೆ. ಶಂಕೆಯಿದ್ದರೆ ತರಗತಿಗೆ ಕಳಿಸಿ, ಗುರುಗಳೊಡನೆ ಬಿಚ್ಚು ಮನಸ್ಸಿನಿಂದ ಮಾತಾಡಲಿ. ಒಲ್ಲೆ ಎಂದರೆ ಒತ್ತಾಯ ಮಾಡಬೇಡಿ, ಕಾಯಿರಿ. ಈ ಸಂಸ್ಕಾರ ಬಾಳಿನಲ್ಲಿ ಒಂದೇ ಸಲ.

ಜ್ಞಾನತಾಯಿಯಾಗಿ ನೀವು ನಿಲ್ಲುವಂತಿಲ್ಲ; ಹೆತ್ತವರಿಗೆ ಅವಕಾಶವಿಲ್ಲ. ಆ ಸ್ಥಾನದಲ್ಲಿ ನಿಲ್ಲುವವರು ಸಾಮಾನ್ಯವಾಗಿ 16 ತುಂಬಿದ, ದೃಢೀಕರಣ ಮತ್ತು ಪರಮಪ್ರಸಾದ ಪಡೆದ, ವಿಶ್ವಾಸದಂತೆ ಬಾಳುವ ಕಥೋಲಿಕರಾಗಿರಬೇಕು. ಜ್ಞಾನಸ್ನಾನದಲ್ಲಿ ನಿಂತವರೇ ಆದರೆ ಇನ್ನೂ ಒಳ್ಳೆಯದು. ಅಭ್ಯಂಗದ ಹೊತ್ತಿಗೆ ಅವರು ಅವಳ ಹೆಗಲ ಮೇಲೆ ಬಲಗೈ ಇಟ್ಟಿರುತ್ತಾರೆ.

ಮುಂಚಿನ ದಿನಗಳಲ್ಲಿ ಗುರುಗಳ ಬಳಿ ಪಾಪನಿವೇದನೆ ಮಾಡಿಸಿ. ಜ್ಞಾನಸ್ನಾನ ಬೇರೆ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಆಗಿದ್ದರೆ ಪ್ರಮಾಣಪತ್ರವನ್ನು ಈಗಲೇ ತರಿಸಿಡಿ. ಸಂಸ್ಕಾರ ಮುಗಿದ ಮೇಲೆ ದೃಢೀಕರಣದ ವಿವರ ಅಲ್ಲಿನ ಜ್ಞಾನಸ್ನಾನದ ದಾಖಲೆ ಪುಸ್ತಕಕ್ಕೂ ಸೇರಿದೆಯೇ ಎಂದು ವಿಚಾರಿಸಿ. ಇದು ತಪ್ಪಿಹೋಗಿದ್ದರೆ ಗೊತ್ತಾಗುವುದು ಮದುವೆ ಗೊತ್ತಾದ ಮೇಲೆ, ಕಾಗದಪತ್ರ ಹುಡುಕುವಾಗಲೇ.