ಓದುಗರ ಪ್ರಶ್ನೆಗಳಿಗೆ ಉತ್ತರ: ಕಾರವಾರದಿಂದ ಭಟ್ಕಳದವರೆಗೆ ಏನು ನೋಡಬೇಕು, ಏನು ಬಿಡಬೇಕು

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮೂರು ದಿನಗಳ ಮಟ್ಟಿಗೆ ಸ್ವಂತ ಕಾರಿನಲ್ಲಿ ಉತ್ತರ ಕನ್ನಡದ ಕರಾವಳಿಗೆ ಹೋಗಬೇಕೆಂದಿದ್ದೇವೆ. ಎಪ್ಪತ್ತು ದಾಟಿದ ಅವ್ವ ಹಾಗೂ ಶಾಲೆಗೆ ಹೋಗುವ ಇಬ್ಬರು ಮಕ್ಕಳು ಜೊತೆಗಿರುತ್ತಾರೆ. ಅವ್ವನಿಗೆ ಮೊಣಕಾಲು ನೋವಿದೆ. ಕಾರವಾರ, ಗೋಕರ್ಣ, ಯಾಣ, ಮುರ್ಡೇಶ್ವರ, ಇಡಗುಂಜಿ, ಜೋಗ ಎಲ್ಲವನ್ನೂ ನೋಡಿ ಬರಬಹುದೇ?
— ಹುಬ್ಬಳ್ಳಿಯ ಓದುಗರು

ಉತ್ತರ: ನೋಡಿ ಬರಬಹುದು, ಆದರೆ ಮೂರು ದಿನವೂ ಕಾರಿನಲ್ಲಿಯೇ ಕಳೆಯಬೇಕಾಗುತ್ತದೆ. ಜೋಗ ಮತ್ತು ಯಾಣವನ್ನು ಈ ಬಾರಿ ಬಿಡಿ ಎಂಬುದೇ ನನ್ನ ಮೊದಲ ಸಲಹೆ. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಅದ್ಭುತ ಬಂಡೆಯೇನೋ ಹೌದು, ಆದರೆ ಅದರ ಬುಡವನ್ನು ತಲುಪಲು ಕಾಡಿನ ದಾರಿಯಲ್ಲಿ ನಡೆದು ಮೆಟ್ಟಿಲು ಹತ್ತಬೇಕು. ನಿಮ್ಮ ತಾಯಿಯವರಿಗೆ ಅದು ಕಷ್ಟ. ಜೋಗಕ್ಕೆ ಮಳೆಗಾಲದ ಕೊನೆಯಲ್ಲಿ ಪ್ರತ್ಯೇಕವಾಗಿ ಹೋಗುವುದೇ ಸರಿ, ಏಕೆಂದರೆ ಡಿಸೆಂಬರ್‌ನಲ್ಲಿ ಅಲ್ಲಿಯ ನೀರು ಬಹಳ ಇಳಿದಿರುತ್ತದೆ.

ಹುಬ್ಬಳ್ಳಿಯಿಂದ ಕಾರವಾರಕ್ಕೆ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಮಾರ್ಗವಾಗಿ ಸುಮಾರು 165 ಕಿ.ಮೀ. ಆಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಕಾರವಾರದಲ್ಲಿರಬಹುದು. ಅಲ್ಲಿಯ ಸಮುದ್ರತೀರಕ್ಕೆ ರವೀಂದ್ರನಾಥ ಟ್ಯಾಗೋರ್ ಅವರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಯುವಕ ರವೀಂದ್ರರು ಇಲ್ಲಿಗೆ ಬಂದು ಉಳಿದರು, ಇಲ್ಲಿಯೇ ಒಂದು ನಾಟಕವನ್ನೂ ಬರೆದರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ದಾರಿಯಲ್ಲಿ ಗುಡ್ಡದ ಮೇಲಿನ ಹಳೆಯ ಕೋಟೆಯನ್ನು ಕಂಡ ಪ್ರಸಂಗವನ್ನು ಅವರು ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ನದಿಯ ಉತ್ತರ ದಂಡೆಯಲ್ಲಿರುವ ಸದಾಶಿವಗಡದ ಗುಡ್ಡವನ್ನು ನೀವೂ ನೋಡಿ: ನದಿ, ಸಮುದ್ರ, ಸಹ್ಯಾದ್ರಿ ಮೂರೂ ಅಲ್ಲಿಂದ ಒಟ್ಟಿಗೆ ಕಾಣುತ್ತವೆ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದುಬಿದ್ದ ಕಾರಣ ಹೊಸ ಸೇತುವೆಯ ಮೇಲೆಯೇ ದಾಟಬೇಕು.

ಮಕ್ಕಳಿಗೆ ಕಾರವಾರದಲ್ಲಿ ಅತ್ಯಂತ ಹಿಡಿಸುವುದು ಟ್ಯಾಗೋರ್ ತೀರದ ಬಳಿ ಇರಿಸಿರುವ ಐಎನ್ಎಸ್ ಚಪಲ್. ನೌಕಾಪಡೆಯಿಂದ ನಿವೃತ್ತವಾದ ಈ ಕ್ಷಿಪಣಿ ನೌಕೆಯ ಒಳಗೆ ಓಡಾಡಿ ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿದ್ದರೆಂಬುದನ್ನು ಕಣ್ಣಾರೆ ಕಾಣಬಹುದು. ಅದರ ಪಕ್ಕದಲ್ಲಿಯೇ ನೌಕಾಪಡೆಯ ಟುಪೊಲೆವ್ ವಿಮಾನವೂ ಇದೆ.

ಎರಡನೆಯ ದಿನ ಗೋಕರ್ಣ. ಮಹಾಬಲೇಶ್ವರನ ದರ್ಶನಕ್ಕೆ ಬೆಳಿಗ್ಗೆಯೇ ಹೋಗಿ. ಪುರುಷರು ಪಂಚೆ ಇಟ್ಟುಕೊಂಡಿರಲಿ. ಓಂ ಬೀಚ್‌ಗೆ ಮೆಟ್ಟಿಲು ಇಳಿಯಬೇಕಾಗುವುದರಿಂದ ತಾಯಿಯವರನ್ನು ಗುಡಿಯ ಹತ್ತಿರದ ಮುಖ್ಯ ತೀರದಲ್ಲಿಯೇ ಕೂರಿಸಿ, ಮಕ್ಕಳನ್ನು ಮಾತ್ರ ಅಲ್ಲಿಗೆ ಕರೆದೊಯ್ಯಿರಿ. ಸಂಜೆಗೆ ಕುಮಟಾ ಅಥವಾ ಹೊನ್ನಾವರ ಸೇರಿದರೆ ಮರುದಿನ ಅನುಕೂಲ. ಹೊನ್ನಾವರದ ಕಾಸರಕೋಡ ತೀರಕ್ಕೆ 2020ರಲ್ಲಿ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತಿದ್ದು, ವಯಸ್ಸಾದವರಿಗೆ ಬೇಕಾಗುವ ಶೌಚಾಲಯ, ನಡಿಗೆ ದಾರಿ ಮತ್ತು ನೆರಳು ಅಲ್ಲಿವೆ. ಅದೇ ಪರಿಸರದಲ್ಲಿ ಶರಾವತಿಯ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ನಿಮ್ಮ ಇಡೀ ಪ್ರವಾಸದಲ್ಲಿ ತಾಯಿಯವರು ಹೆಚ್ಚು ಸಂತೋಷಪಡುವ ಜಾಗ ಇದೇ ಆಗಬಹುದೆಂದು ನನಗನ್ನಿಸುತ್ತದೆ. ಇಡಗುಂಜಿಯಲ್ಲಿ ನಿಂತ ಭಂಗಿಯ ದ್ವಿಭುಜ ಗಣಪತಿಯ ದರ್ಶನ ಮಾಡಿ, ಮುರ್ಡೇಶ್ವರದ 123 ಅಡಿಯ ಶಿವನ ಮೂರ್ತಿಯನ್ನು ನೋಡಿ ಹಿಂದಿರುಗಿ. 20 ಅಂತಸ್ತಿನ ರಾಜಗೋಪುರವನ್ನು ಏರಲು ಲಿಫ್ಟ್ ಇರುವುದರಿಂದ ಅಲ್ಲಿ ಮೊಣಕಾಲಿನ ಚಿಂತೆಯಿಲ್ಲ. ತಾಯಿಯವರಿಗೆ ಜೋಳದ ರೊಟ್ಟಿಯೇ ಬೇಕೆಂದಾದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಳ್ಳಿ. ಘಟ್ಟ ಇಳಿದ ಮೇಲೆ ಅನ್ನವೇ ಊಟ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಲಕ್ಕುಂಡಿಯನ್ನು ಚೆನ್ನಾಗಿ ತೋರಿಸಿದ್ದೇವೆ. ಈ ವರ್ಷ ಶೈಕ್ಷಣಿಕ ಪ್ರವಾಸವನ್ನು ಕರಾವಳಿಗೆ ಇಟ್ಟುಕೊಂಡಿದ್ದೇವೆ. ಅಲ್ಲಿ ಬೀಚುಗಳನ್ನು ಬಿಟ್ಟು ಇತಿಹಾಸದ ಪಾಠಕ್ಕೆ ಒದಗುವ ಸ್ಥಳಗಳು ಯಾವುವು?
— ಗದಗ ಜಿಲ್ಲೆಯ ಶಿಕ್ಷಕಿ

ಉತ್ತರ: ನಿಮ್ಮ ಪ್ರಶ್ನೆ ನನಗೆ ಬಹಳ ಹಿಡಿಸಿತು, ಏಕೆಂದರೆ ಈ ಕರಾವಳಿಯ ಇತಿಹಾಸದಲ್ಲಿ ನಮ್ಮ ಎರೆಭೂಮಿಯ ಪಾಲೂ ಇದೆ, ಮತ್ತು ಅದನ್ನು ಪ್ರವಾಸದ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದು ಹೆಸರಾಗಿದ್ದ ಸರಕು ಬೆಳೆಯುತ್ತಿದ್ದುದು ಕುಮಟಾದಲ್ಲಲ್ಲ; ಧಾರವಾಡ ಸೀಮೆಯ, ಅಂದರೆ ಇಂದಿನ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹೊಲಗಳಲ್ಲಿ. ಅದು ಘಟ್ಟವಿಳಿದು ಕುಮಟಾದ ಬಂದರಿನಿಂದ ಹಡಗೇರುತ್ತಿದ್ದುದರಿಂದ ಬಂದರಿನ ಹೆಸರೇ ಅದಕ್ಕೆ ಅಂಟಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಕೊರತೆಯಾದಾಗ ಬ್ರಿಟಿಷರ ಕಣ್ಣು ಧಾರವಾಡದ ಹತ್ತಿಯ ಮೇಲೂ ಅದನ್ನು ಸಾಗಿಸಬಲ್ಲ ಕಾರವಾರದ ಬಂದರಿನ ಮೇಲೂ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು. 1880ರ ದಶಕದ ಕೊನೆಗೆ ಮರ್ಮಗೋವಾಕ್ಕೆ ರೈಲು ಹಾದಿ ತೆರೆದ ಮೇಲೆ ಸರಕು ಆ ಕಡೆ ತಿರುಗಿ, ಕುಮಟಾ ಮತ್ತು ಕಾರವಾರದ ಬಂದರುಗಳು ಸೊರಗಿದವು. ಘಟ್ಟ ಇಳಿಯುವಾಗ ಬಸ್ಸಿನಲ್ಲಿಯೇ ಈ ಕಥೆಯನ್ನು ಹೇಳಿದರೆ ಹತ್ತಿ ಬೆಳೆಯುವ ಮನೆಗಳ ಮಕ್ಕಳಿಗೆ ಅದು ಪಠ್ಯಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಅಂಕೋಲಾದಲ್ಲಿ ಬಸ್ಸನ್ನು ಅಗತ್ಯವಾಗಿ ನಿಲ್ಲಿಸಿ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿ ಅವರ ನೇತೃತ್ವದಲ್ಲಿ ಇಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಕರನಿರಾಕರಣೆಯ ಹೋರಾಟದಲ್ಲಿ ಈ ತಾಲ್ಲೂಕಿನ ರೈತರು ಭೂಮಿಯನ್ನೇ ಕಳೆದುಕೊಂಡರು. ಅಲ್ಲಿಂದ ಮುಂದೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಇಂದಿಗೂ ಉಪ್ಪಿನಾಗರಗಳಲ್ಲಿ ಸಮುದ್ರದ ನೀರನ್ನು ಕಟ್ಟಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. ಜನವರಿಯ ನಂತರ ಹೋದರೆ ಕೆಲಸ ನಡೆಯುತ್ತಿರುವುದನ್ನೇ ಮಕ್ಕಳು ನೋಡಬಹುದು. ಪಕ್ಕದ ಅಘನಾಶಿನಿ ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದೆ. ಅಲ್ಲಿಯ ಗಜನಿ ಭೂಮಿಯಲ್ಲಿ, ಅಂದರೆ ಅಳಿವೆಯಂಚಿನ ತಗ್ಗಿನ ಗದ್ದೆಗಳಲ್ಲಿ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ.

ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಗೆ ಕನಿಷ್ಠ ಎರಡು ತಾಸು ಕೊಡಿ. ಜಂಬಿಟ್ಟಿಗೆ ಕಲ್ಲಿನ ಈ ಕೋಟೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದುಕೊಂಡಿದೆ. ಹದಿನಾರನೆಯ ಶತಮಾನದಲ್ಲಿ ಅರ್ಧ ಶತಮಾನದಷ್ಟು ಕಾಲ ಆಳಿದ ಆಕೆಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಆಕೆಯ ಬಲವಿದ್ದುದು ಘಟ್ಟದ ಮೆಣಸನ್ನು ನದಿಯ ಮೂಲಕ ಸಮುದ್ರಕ್ಕೆ ಸಾಗಿಸುವ ದಾರಿಗಳಲ್ಲಿ. ಕೋಟೆಯು ಅಘನಾಶಿನಿಯ ಹತ್ತಿರದಲ್ಲಿಯೇ ಏಕಿದೆ ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಕೇಳಿ.

ಭಟ್ಕಳವನ್ನು ಬಹುತೇಕ ಪ್ರವಾಸಿಗರು ನಿಲ್ಲದೆ ದಾಟಿಹೋಗುತ್ತಾರೆ, ನಿಮ್ಮ ಮಕ್ಕಳಾದರೋ ಅಲ್ಲಿ ಇಳಿಯಲೇಬೇಕು. ಹದಿನಾರನೆಯ ಶತಮಾನದ ಖೇತಪೈ ನಾರಾಯಣ ದೇವಾಲಯ ಮತ್ತು ಚಂದ್ರನಾಥೇಶ್ವರ ಬಸದಿ ಎರಡರಲ್ಲೂ ಮಳೆಯ ನೀರು ಜಾರಿಹೋಗುವಂತೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು ಕಂಡ ಮಕ್ಕಳು ಇದನ್ನು ನೋಡಿದರೆ, ಕಡಿಮೆ ಮಳೆಯ ಊರಿನ ಬಸದಿಗೂ ಧೋ ಎಂದು ಸುರಿಯುವ ಮಳೆಯ ಊರಿನ ಬಸದಿಗೂ ಇರುವ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ನಮ್ಮ ಕಡೆಯ ಮಕ್ಕಳು ಕೆರೆಯಲ್ಲಿ ಈಜು ಬಲ್ಲವರಾದರೂ ಅಲೆ ಹಿಂದಕ್ಕೆ ಎಳೆಯುವ ಬಲವನ್ನು ಅರಿಯರು. ಪಾದ ನೆನೆಯುವಷ್ಟು ನೀರಿಗಿಂತ ಮುಂದೆ ಯಾರನ್ನೂ ಬಿಡಬೇಡಿ. ಜೀವರಕ್ಷಕರಿಲ್ಲದ ತೀರದಲ್ಲಿ ಬಸ್ಸಿನಿಂದ ಇಳಿಸಲೂ ಬೇಡಿ.

ಪ್ರಶ್ನೆ: ಜುಲೈನಲ್ಲಿ ನಮಗೆ ರಜೆ ಸಿಗುತ್ತದೆ. ಮಳೆಗಾಲದ ಕರಾವಳಿ ಚೆನ್ನಾಗಿರುತ್ತದೆ ಎನ್ನುತ್ತಾರೆ, ಹೋಗಬಹುದೇ? ರೈಲು ಇದೆಯೇ?
— ಹಾವೇರಿಯ ಓದುಗರು

ಉತ್ತರ: ಜುಲೈ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಘಟ್ಟದ ರಸ್ತೆಗಳಿಗೂ ಅದೇ ಭಯವಿದ್ದು, ಆ ದಿನಗಳಲ್ಲಿ ಸಮುದ್ರಕ್ಕೆ ಇಳಿಯುವಂತೆಯೂ ಇಲ್ಲ. ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಹಾವೇರಿಯಿಂದ ಹಾನಗಲ್, ಶಿರಸಿ, ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಇಳಿಯುವುದೇ ಹತ್ತಿರದ ದಾರಿ. ಘಟ್ಟ ತೆರೆದಿದೆಯೇ ಎಂದು ಹೊರಡುವ ಮುನ್ನ ಬಸ್ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇನ್ನೂ ಆಗಿಲ್ಲವಾದ್ದರಿಂದ ರೈಲಿನಲ್ಲಿ ಹೋಗಬೇಕೆಂದರೆ ಲೋಂಡಾ, ಮಡಗಾಂವ್ ಸುತ್ತಿ ಕೊಂಕಣ ರೈಲು ಹಿಡಿಯಬೇಕು. ಬಸ್ಸೇ ಸುಲಭ.

ಪ್ರಶ್ನೆ: ನಮ್ಮೂರಿನ ಶಾಲ್ಮಲಾ ಹೊಳೆ ಸಮುದ್ರ ಸೇರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅದು ಎಲ್ಲಿ? ಅಲ್ಲಿಗೆ ಹೋಗಿ ನೋಡಬಹುದೇ?
— ಧಾರವಾಡದ ಕಾಲೇಜು ವಿದ್ಯಾರ್ಥಿ

ಉತ್ತರ: ಹಿರಿಯರ ಮಾತು ನಿಜ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಮುಂದೆ ಬೇಡ್ತಿಯಾಗಿ ಕಲಘಟಗಿ, ಯಲ್ಲಾಪುರದ ಕಾಡುಗಳನ್ನು ಹಾದು, ಘಟ್ಟದ ಕೆಳಗೆ ಗಂಗಾವಳಿ ಎಂಬ ಹೆಸರು ಪಡೆದು, ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದರ ಉದ್ದ ಸುಮಾರು 152 ಕಿ.ಮೀ. ಸ್ನೇಹಿತರೊಡನೆ ಇದನ್ನೇ ಒಂದು ಪ್ರವಾಸವನ್ನಾಗಿ ಮಾಡಿಕೊಳ್ಳಿ ಎಂದು ನಾನು ಮನಃಪೂರ್ವಕ ಸೂಚಿಸುತ್ತೇನೆ. ಮೊದಲು ಸೋಮೇಶ್ವರ, ಬಳಿಕ ಯಲ್ಲಾಪುರದಿಂದ ಒಳಗೆ ಹೋಗಿ ಬೇಡ್ತಿಯು ಸುಮಾರು 200 ಮೀಟರ್ ಎತ್ತರದಿಂದ ಧುಮುಕುವ ಮಾಗೋಡು ಜಲಪಾತ, ಸಂಜೆಗೆ ಹತ್ತಿರದ ಜೇನುಕಲ್ಲು ಗುಡ್ಡ. ಮರುದಿನ ಅಂಕೋಲಾದಿಂದ ಗೋಕರ್ಣದತ್ತ ಸಾಗುವಾಗ ಹೆದ್ದಾರಿಯ ಸೇತುವೆಯ ಮೇಲೆ ಇದೇ ನೀರನ್ನು ದಾಟುತ್ತೀರಿ. ನದೀಮುಖವನ್ನು ನೋಡಲು ಗೋಕರ್ಣದ ಸಮೀಪದ ಗಂಗಾವಳಿ ಗ್ರಾಮಕ್ಕೆ ಹೋಗಬೇಕು. ಗಂಗೆಯ ಗುಡಿ ಅಲ್ಲಿಯೇ ಇದೆ. ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಹೊರಡಿ, ಆಗ ಮಾಗೋಡಿನಲ್ಲಿ ನೀರೂ ತುಂಬಿರುತ್ತದೆ, ಕಣಿವೆಯ ಮಂಜೂ ಬೇಗ ಸರಿಯುತ್ತದೆ.