ಹೊಸ ಮುಖಪುಟಕ್ಕಾಗಿ ಹಳೆಯ ಮುಖಪುಟಗಳನ್ನು ನೋಡುವುದು ಹೇಗೆ?

ಪ್ರಶ್ನೆ: ನಮ್ಮ ತಂದೆ ಮುಂಬಯಿಯ ಫೋರ್ಟ್ ಭಾಗದ ಹೋಟೆಲುಗಳಲ್ಲಿ ದುಡಿದವರು. ಮಾಣಿಯಾಗಿ ಬಂದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾದಲ್ಲಿ ಕುಳಿತರು. ಅವರು ಬರೆದ ಕತೆಗಳನ್ನು ನಾವು ಮಕ್ಕಳೇ ಸೇರಿ ಪುಸ್ತಕ ಮಾಡುತ್ತಿದ್ದೇವೆ. ಅನ್ವಯಿಕ ಕಲೆ ಓದುತ್ತಿರುವ ನನ್ನ ತಂಗಿಯ ಮಗಳು ಮುಖಪುಟ ಮಾಡಿಕೊಡಲು ಒಪ್ಪಿದ್ದಾಳೆ. ಮಾದರಿಗೆಂದು ಇನ್ನೂರಕ್ಕೂ ಹೆಚ್ಚು ಮುಖಪುಟಗಳನ್ನು ಮೊಬೈಲಿನಲ್ಲಿ ಉಳಿಸಿಕೊಂಡು ಅವಳಿಗೆ ಕಳುಹಿಸಿದೆ. ಅವಳು ಮಾಡಿದ ಮೂರು ಕರಡುಗಳೂ ಎಲ್ಲೋ ನೋಡಿದಂತೆಯೇ ಇವೆ. ಮುಖಪುಟಗಳನ್ನು ನೋಡಿ ಕಲಿಯುವ ಸರಿಯಾದ ರೀತಿ ಯಾವುದು? ಹಳೆಯ ಕನ್ನಡ ಮುಖಪುಟಗಳು ಮುಂಬಯಿಯಲ್ಲಿ ಎಲ್ಲಿ ನೋಡಲು ಸಿಗುತ್ತವೆ?
– ಡೊಂಬಿವಲಿಯ ಓದುಗರು

ಉತ್ತರ: ಆ ಇನ್ನೂರು ಚಿತ್ರಗಳನ್ನು ಸದ್ಯಕ್ಕೆ ಬದಿಗಿಡಿ. ಅಳಿಸಬೇಕಾಗಿಲ್ಲ, ಮುಂದೆ ಬೇಕಾಗುತ್ತವೆ. ಕರಡುಗಳು ಎಲ್ಲೋ ನೋಡಿದಂತೆ ಕಾಣುವುದಕ್ಕೆ ಹುಡುಗಿಯ ಕೈಯನ್ನು ದೂರಬೇಡಿ. ತಪ್ಪಿರುವುದು ಕೆಲಸದ ಕ್ರಮ. ಅವಳ ಕೈಗೆ ಕತೆಗಳು ಸೇರುವ ಮೊದಲೇ ಬೇರೆಯವರ ಮುಖಪುಟಗಳು ಸೇರಿಬಿಟ್ಟಿವೆ ಎಂದು ನಿಮ್ಮ ಪತ್ರದಿಂದ ಅನಿಸುತ್ತದೆ. ತಾತನ ಕತೆಗಳಲ್ಲಿ ಏನಿದೆ ಎಂದು ತಿಳಿಯದವಳು ಕಣ್ಣಲ್ಲಿ ತುಂಬಿಕೊಂಡದ್ದನ್ನೇ ತಾನೇ ಬಿಡಿಸಬೇಕು?

ಮೊದಲು ಹಸ್ತಪ್ರತಿಯನ್ನು ಓದಿಸಿ. ಕನ್ನಡವನ್ನು ಸರಾಗವಾಗಿ ಓದಲು ಅವಳಿಗೆ ಬಾರದಿದ್ದರೆ (ಮುಂಬಯಿಯಲ್ಲಿ ಬೆಳೆದ ನಮ್ಮ ಎಷ್ಟೋ ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದುವುದಿಲ್ಲ) ನಿಮ್ಮ ತಂದೆಯವರೇ ಎದುರು ಕುಳಿತು ಓದಿ ಹೇಳಲಿ. ಕೇಳುತ್ತ ಅವಳು ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳಲಿ: ಕತೆಗಳಲ್ಲಿ ಮತ್ತೆ ಮತ್ತೆ ಬರುವ ವಸ್ತುಗಳು, ಅಲ್ಲಿನ ಬೆಳಕು ದಿನದ ಯಾವ ಹೊತ್ತಿನದು ಎಂಬುದು, ಮತ್ತು ಕತೆ ಮುಗಿದಾಗ ಮನಸ್ಸಿನಲ್ಲಿ ಉಳಿಯುವ ಭಾವ. ಈ ಪಟ್ಟಿ ಕೈಯಲ್ಲಿದ್ದರೆ ಮುಖಪುಟಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಆಗ ಅವಳು ಚಂದದ ಚಿತ್ರವನ್ನು ಹುಡುಕುವುದಿಲ್ಲ, ತನ್ನ ಪ್ರಶ್ನೆಗೆ ಹಿಂದಿನವರು ಏನು ಉತ್ತರ ಕಂಡುಕೊಂಡರು ಎಂದು ಹುಡುಕುತ್ತಾಳೆ.

ಇನ್ನು ಎಲ್ಲಿ ನೋಡಬೇಕು ಎಂಬ ಪ್ರಶ್ನೆ. ಪರದೆಯ ಮೇಲೆ ಎಲ್ಲ ಪುಸ್ತಕಗಳೂ ಒಂದೇ ಅಳತೆಯವು, ಎಲ್ಲವೂ ಒಂದೇ ಹೊಳಪಿನವು. ಕಾಗದದ ಒರಟು, ಬೆನ್ನಿನ ದಪ್ಪ, ವರ್ಷಗಳ ಮೇಲೆ ಯಾವ ಬಣ್ಣ ಮಾಸಿತು, ಯಾವುದು ಉಳಿಯಿತು ಎಂಬುದೆಲ್ಲ ಕೈಯಲ್ಲಿ ಹಿಡಿದರೆ ಮಾತ್ರ ತಿಳಿಯುತ್ತದೆ. ಫ್ಲೋರಾ ಫೌಂಟನ್ ಸುತ್ತಿನ ಪಾದಚಾರಿ ಮಾರ್ಗದ ಪುಸ್ತಕದಂಗಡಿಗಳಿಗೂ ಮಾಟುಂಗದ ಕಿಂಗ್ಸ್ ಸರ್ಕಲ್ ಬಳಿಯ ಹಳೆ ಪುಸ್ತಕದವರಲ್ಲಿಗೂ ಅವಳನ್ನು ಕರೆದುಕೊಂಡು ಹೋಗಿ. ಅಲ್ಲಿ ಇಂಗ್ಲಿಷ್ ಪುಸ್ತಕಗಳೇ ಹೆಚ್ಚು, ಆದರೂ ಹತ್ತಾರು ವರ್ಷಗಳ ಮುಖಪುಟಗಳು ಒಂದರ ಪಕ್ಕ ಒಂದು ಬಿದ್ದಿರುವ ಜಾಗ ಅದು. ಕನ್ನಡ ಪುಸ್ತಕಗಳಿಗೆ ಮಾಟುಂಗದ ಮೈಸೂರು ಅಸೋಸಿಯೇಷನ್, ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ನಿಮ್ಮೂರಿನ ಕರ್ನಾಟಕ ಸಂಘ ಇವುಗಳಲ್ಲಿ ವಿಚಾರಿಸಿ. ಒಂದು ಎಚ್ಚರಿಕೆ: ಗ್ರಂಥಾಲಯಗಳು ಹಳೆಯ ಪುಸ್ತಕಕ್ಕೆ ಗಟ್ಟಿ ರಟ್ಟು ಕಟ್ಟಿಸುವಾಗ ಮೂಲ ಮುಖಪುಟವನ್ನು ಕಿತ್ತು ಬಿಸಾಡುವುದುಂಟು. ಕನ್ನಡದ ಎಷ್ಟೋ ಒಳ್ಳೆಯ ಮುಖಪುಟಗಳು ಹೀಗೆಯೇ ಹಾಳಾಗಿವೆ, ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ಹಿರಿಯ ಓದುಗರ ಮನೆಯ ಕಪಾಟುಗಳೇ ಹೆಚ್ಚು ನಂಬಿಗಸ್ತ. ಅಂತರ್ಜಾಲದಲ್ಲಿ ನೋಡುವುದಾದರೆ ಇಂಟರ್ನೆಟ್ ಆರ್ಕೈವ್ (archive.org) ತಾಣದಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪ್ರತಿಗಳು ಬಹುತೇಕ ಕಪ್ಪು ಬಿಳುಪಿನವು, ಮುಖಪುಟ ನೋಡಲು ಅಷ್ಟು ಉಪಯೋಗವಿಲ್ಲ. ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಜ್ ಬಳಗ ಅದೇ ತಾಣಕ್ಕೆ ಏರಿಸಿರುವ ಕನ್ನಡ ಪುಸ್ತಕಗಳನ್ನು ನೋಡಿ. ಅಲ್ಲಿ ಬಣ್ಣದ ಪ್ರತಿಗಳು ಸಿಗುತ್ತವೆ.

ಸಿಕ್ಕ ಮುಖಪುಟವನ್ನು ನೋಡುವುದಕ್ಕೆ ನಾನು ಕಲಿಯುವವರಿಗೆಲ್ಲ ಹೇಳುವ ಒಂದು ಅಭ್ಯಾಸವಿದೆ. ಪುಸ್ತಕವನ್ನು ಒಂದು ನಿಮಿಷ ನೋಡಿ, ಬೋರಲು ಹಾಕಿ, ಅಂಚೆಚೀಟಿಯಷ್ಟು ದೊಡ್ಡ ಚೌಕದಲ್ಲಿ ನೆನಪಿನಿಂದ ಅದನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಕೈಗೆ ಬಂದದ್ದೇ ಆ ವಿನ್ಯಾಸದ ಎಲುಬು: ಒಂದು ದೊಡ್ಡ ಕಪ್ಪು ಆಕಾರ ಕೆಳಗೆ, ಶೀರ್ಷಿಕೆ ಎಡಕ್ಕೆ, ಉಳಿದದ್ದೆಲ್ಲ ಖಾಲಿ. ಚೌಕದ ಪಕ್ಕದಲ್ಲಿ ಒಂದೇ ಒಂದು ವಾಕ್ಯ ಬರೆಯಲಿ: ಈ ಮುಖಪುಟ ಪುಸ್ತಕದ ಬಗ್ಗೆ ನನಗೆ ಏನು ಹೇಳಿತು? ಏನೂ ಹೊಳೆಯದಿದ್ದರೆ ಅದು ಬರಿಯ ಅಲಂಕಾರ, ಮುಂದಿನದಕ್ಕೆ ಹೋಗಬಹುದು. ಇಂಥ ಮೂವತ್ತು ಚೌಕಗಳು ಆ ಇನ್ನೂರು ಚಿತ್ರಗಳಿಗಿಂತ ಹೆಚ್ಚು ಕಲಿಸುತ್ತವೆ. ಚೌಕದಲ್ಲಿ ಉಳಿದಿರುವುದು ಜೋಡಣೆ ಮಾತ್ರ. ಅದನ್ನು ತನ್ನ ವಸ್ತುವಿನಿಂದ ತುಂಬುವುದು ಅವಳ ಕೆಲಸ.

ಹಳೆಯ ಕನ್ನಡ ಮುಖಪುಟಗಳಲ್ಲಿ ಬಣ್ಣಗಳನ್ನು ಎಣಿಸಲು ಹೇಳಿ. ಅಚ್ಚುಮೊಳೆ, ಬ್ಲಾಕುಗಳ (ಚಿತ್ರವನ್ನು ಒತ್ತುವ ಅಚ್ಚುಗಳ) ಕಾಲದಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಬ್ಲಾಕು, ಯಂತ್ರದಲ್ಲಿ ಬೇರೆ ಓಟ, ಬೇರೆ ಖರ್ಚು. ಎರಡು ಬಣ್ಣದಲ್ಲಿ ಮುಗಿಸಬೇಕಾದ ಕಲಾವಿದರು ಕಾಗದದ ಬಿಳುಪನ್ನೇ ಮೂರನೆಯ ಬಣ್ಣ ಮಾಡಿಕೊಂಡರು. ಒಂದರ ಮೇಲೊಂದು ಅಚ್ಚಾಗಿಸಿ ಇನ್ನೊಂದು ಛಾಯೆ ತೆಗೆದರು. ಆ ದಿಟ್ಟತನ ಇಂದಿನ ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ತಾನಾಗಿ ಬರುವುದಿಲ್ಲ, ನಾವೇ ಕಟ್ಟು ಹಾಕಿಕೊಳ್ಳಬೇಕು. ನಿಮ್ಮ ಹುಡುಗಿಗೆ ಮುಂದಿನ ಕರಡನ್ನು ಎರಡೇ ಬಣ್ಣದಲ್ಲಿ ಮಾಡಲು ಹೇಳಿ ನೋಡಿ. ಗೆರೆಯ ಮಟ್ಟಿಗೆ ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಅವಳು ನೋಡಲೇಬೇಕು. ಎರಡು ಗೆರೆ ಎಷ್ಟು ಜಾಗವನ್ನು ತುಂಬಬಲ್ಲದು ಎಂಬುದು ಅಲ್ಲಿ ಕಾಣುತ್ತದೆ.

ಮುಂಬಯಿಯಲ್ಲಿ ಸುಲಭವಾಗಿ ಕೈಗೆ ಸಿಗುವುದು ಮರಾಠಿ ಪುಸ್ತಕಗಳು. ದೀನಾನಾಥ ದಲಾಲ, ಪದ್ಮಾ ಸಹಸ್ರಬುದ್ಧೆ, ಸುಭಾಷ್ ಅವಚಟ್ ಅವರಂಥ ಮುಖಪುಟ ಕಲಾವಿದರು ಕೆಲಸ ಮಾಡಿದ ಭಾಷೆ ಅದು, ಧಾರಾಳವಾಗಿ ನೋಡಿ. ಆದರೆ ಅಲ್ಲಿನ ಅಕ್ಷರ ಜೋಡಣೆಯನ್ನು ಹಾಗೇ ಎತ್ತಿ ತಂದರೆ ಕನ್ನಡಕ್ಕೆ ಹೊಂದುವುದಿಲ್ಲ. ದೇವನಾಗರಿ ಅಕ್ಷರಗಳು ಮೇಲಿನ ಶಿರೋರೇಖೆಯಿಂದ ಇಳಿಬಿದ್ದಿರುತ್ತವೆ. ಆ ರೇಖೆಯೇ ಶೀರ್ಷಿಕೆಯನ್ನು ಒಂದು ಪಟ್ಟಿಯಾಗಿ ಕಟ್ಟಿಡುತ್ತದೆ. ಕನ್ನಡದ ಅಕ್ಷರಗಳು ದುಂಡಗೆ, ಬಿಡಿಬಿಡಿ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇಳುತ್ತದೆ. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದು ನಮ್ಮ ಮುಖಪುಟಗಳ ನಿತ್ಯದ ತೊಂದರೆ. ಇದನ್ನು ಹಿಂದಿನ ಕನ್ನಡ ಕಲಾವಿದರು ಹೇಗೆ ದಾಟಿದರು ಎಂದು ಹುಡುಕುತ್ತ ಹೋದರೆ ಅದೇ ಒಂದು ಪಾಠ. ಅನೇಕರು ಶೀರ್ಷಿಕೆಯನ್ನು ಕುಂಚದಲ್ಲಿ ಕೈಯಾರೆ ಬರೆದು ಒತ್ತಿಗೆ ಬೇಕಾದ ಜಾಗ ಮಾಡಿಕೊಂಡರು. ಸಿದ್ಧ ಅಕ್ಷರವಿನ್ಯಾಸವೇ (ಫಾಂಟ್) ಬೇಕೆಂದರೆ ಮುಂಬಯಿಯದೇ ಆದ ಏಕ್ ಟೈಪ್ ಸಂಸ್ಥೆಯ ಬಲೂ ತಮ್ಮ, ಅನೇಕ್ ಕನ್ನಡ ಇವು ಉಚಿತವಾಗಿ ಸಿಗುತ್ತವೆ. ಆದರೆ ಹೋಟೆಲಿನ ತಿಂಡಿ ಫಲಕವನ್ನು ದಿನವೂ ನೋಡಿದವರ ಕತೆಗಳಿಗೆ ಕೈಬರಹದ ಶೀರ್ಷಿಕೆಯೇ ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ.

ಇಷ್ಟಾದ ಮೇಲೆ ಮುಖಪುಟಗಳನ್ನು ಬಿಟ್ಟು ಹೊರಗೆ ಬರಬೇಕು. ಅಮೆರಿಕದ ವಿನ್ಯಾಸಕ ಚಿಪ್ ಕಿಡ್ 1990ರಲ್ಲಿ ಜುರಾಸಿಕ್ ಪಾರ್ಕ್ ಕಾದಂಬರಿಗೆ ಮುಖಪುಟ ಮಾಡುವಾಗ ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿನ ಅಂಗಡಿಯಲ್ಲಿ ಕೊಂಡ ಪುಸ್ತಕದಲ್ಲಿದ್ದ ಅಸ್ಥಿಪಂಜರದ ರೇಖಾಚಿತ್ರದಿಂದ ಕೆಲಸ ಶುರುಮಾಡಿದರು. ಬೇರೆ ಕಾದಂಬರಿಗಳ ಮುಖಪುಟಗಳಲ್ಲಿ ಅದು ಅವರಿಗೆ ಸಿಗುತ್ತಿರಲಿಲ್ಲ. ನಿಮಗೆ ಸಂಗ್ರಹಾಲಯ ಬೇಡ, ತಂದೆಯವರ ಪೆಟ್ಟಿಗೆ ಸಾಕು. ಊರಿಗೆ ಕಳುಹಿಸಿದ ಮನಿಯಾರ್ಡರಿನ ರಸೀದಿ, ಅದರ ಮೇಲಿನ ಅಂಚೆಯ ದುಂಡು ಮುದ್ರೆ, ಊಟದ ಕೂಪನ್ನು, ರಾತ್ರಿ ಶಾಲೆಯ ಅಂಕಪಟ್ಟಿ, ಬಿಲ್ಲಿನ ಪುಸ್ತಕದ ಕಾರ್ಬನ್ ಪ್ರತಿ. ಹಗಲು ಮೇಜು ಒರೆಸಿ ರಾತ್ರಿ ಅಕ್ಷರ ಕಲಿತ ಹುಡುಗರ ಕತೆಗಳಿಗೆ ಕಾರ್ಬನ್ನಿನ ಆ ನೀಲಿಗಿಂತ ಸರಿಯಾದ ಬಣ್ಣ ಎಲ್ಲಿ ಹುಡುಕುತ್ತೀರಿ? ಮುಂಬಯಿ ಎಂದ ಕೂಡಲೇ ಲೋಕಲ್ ರೈಲು, ಗೇಟ್‌ವೇ, ಕಡಲ ದಂಡೆ, ಹೋಟೆಲು ಎಂದ ಕೂಡಲೇ ಹಬೆಯಾಡುವ ಕಾಫಿ ಲೋಟ, ಇವನ್ನು ದಯವಿಟ್ಟು ಬಿಡಿ. ಕತೆಗಳಲ್ಲಿ ಅವು ನಿಜಕ್ಕೂ ಮುಖ್ಯವಾಗಿದ್ದರೆ ಮಾತ್ರ ಬರಲಿ.

ಆಮೇಲೆ ಆ ಇನ್ನೂರು ಚಿತ್ರಗಳನ್ನು ತೆರೆಯಿರಿ. ಈಗ ಅವುಗಳ ಉಪಯೋಗ ತಾಳೆ ನೋಡುವುದಕ್ಕೆ. ನಮ್ಮದು ಯಾವುದನ್ನಾದರೂ ಹೋಲುತ್ತಿದೆಯೇ? ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯ ಮೊಬೈಲಿನಲ್ಲಿದೆ, ಅಂತಿಮ ಕರಡನ್ನು ಅದರಲ್ಲೂ ಹಾಕಿ ನೋಡಿ. ಮಾರಾಟಕ್ಕಿಟ್ಟ ಸಿದ್ಧ ಛಾಯಾಚಿತ್ರಗಳನ್ನು ಬಳಸಿದರೆ ಈ ಪರೀಕ್ಷೆ ಇನ್ನೂ ಅಗತ್ಯ. ಒಂದೇ ಚಿತ್ರವನ್ನು ಹಣ ಕೊಟ್ಟವರೆಲ್ಲ ಬಳಸಬಹುದಾದ್ದರಿಂದ ಅದು ಬೇರೊಂದು ಭಾಷೆಯ ಪುಸ್ತಕದ ಮೇಲೆ ಆಗಲೇ ಇರಬಹುದು.

ಪ್ರಶ್ನೆ: ನನ್ನ ಬಳಿಯಿರುವ ಹಳೆಯ ಮರಾಠಿ ದೀಪಾವಳಿ ಸಂಚಿಕೆಯೊಂದರಲ್ಲಿ ದೀನಾನಾಥ ದಲಾಲರ ಚಿತ್ರವಿದೆ. ದೀಪ ಹಿಡಿದ ಹೆಂಗಸು. ನನ್ನ ಕವನ ಸಂಕಲನಕ್ಕೆ ಹೇಳಿ ಮಾಡಿಸಿದಂತಿದೆ. ಕಲಾವಿದರು ಈಗಿಲ್ಲ. ಬಳಸಬಹುದೇ? ಬೇರೆಯವರಿಂದ ಹಾಗೆಯೇ ಬಿಡಿಸಿಕೊಂಡರೆ ಅಡ್ಡಿಯಿಲ್ಲವೇ?
– ಠಾಣೆಯ ಓದುಗರು

ಉತ್ತರ: ಅನುಮತಿಯಿಲ್ಲದೆ ಬಳಸಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರಕೃತಿಯ ಹಕ್ಕು ಕಲಾವಿದರ ಜೀವಿತಾವಧಿಯ ನಂತರವೂ 60 ವರ್ಷ ಉಳಿಯುತ್ತದೆ. ಅವರು ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಕೆ. ಮಡಗಾಂವಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ದಲಾಲರು ತೀರಿಕೊಂಡದ್ದು 1971ರಲ್ಲಿ. ಹಾಗಾಗಿ 2031ರ ಕೊನೆಯವರೆಗೆ ಹಕ್ಕು ಜೀವಂತ. ಅದು ಅವರ ವಾರಸುದಾರರಲ್ಲಿದೆಯೋ ಪ್ರಕಾಶಕರಲ್ಲಿದೆಯೋ ವಿಚಾರಿಸಿ, ಲಿಖಿತ ಒಪ್ಪಿಗೆ ಪಡೆಯಿರಿ. ಬೇರೆಯವರ ಕೈಯಲ್ಲಿ ಹಾಗೆಯೇ ಬಿಡಿಸಿಕೊಂಡರೂ ಅದು ನಕಲೇ.

ಆದರೆ ದೀಪ ಹಿಡಿದ ಹೆಂಗಸು ಎಂಬ ಕಲ್ಪನೆ ಯಾರೊಬ್ಬರ ಸ್ವತ್ತೂ ಅಲ್ಲ. ಕಲ್ಪನೆಗೆ, ವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕಷ್ಟೇ ಉಂಟು ಎಂದು ಸುಪ್ರೀಂ ಕೋರ್ಟು ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲೇ ಹೇಳಿದೆ. ಆ ಚಿತ್ರದಲ್ಲಿ ನಿಮ್ಮನ್ನು ಹಿಡಿದದ್ದು ಯಾವುದು ಎಂದು ಕೇಳಿಕೊಳ್ಳಿ. ಕೆಳಗಿನಿಂದ ಮುಖಕ್ಕೆ ಬಿದ್ದ ಬೆಳಕೇ? ಸುತ್ತಲಿನ ಕತ್ತಲೆಯೇ? ಬಗ್ಗಿದ ಕುತ್ತಿಗೆಯೇ? ಉತ್ತರವನ್ನು ಮಾತಿನಲ್ಲಿ ಬರೆದು ನಿಮ್ಮ ಕಲಾವಿದರಿಗೆ ಕೊಡಿ, ಮೂಲ ಚಿತ್ರವನ್ನು ತೋರಿಸಬೇಡಿ. ಅವರು ನಿಮ್ಮ ಕವನಗಳ ಓದಿನಿಂದ ಹೊಸ ಚಿತ್ರ ತರುತ್ತಾರೆ. ಅವರ ಹೆಸರನ್ನು ಪುಸ್ತಕದೊಳಗೆ ತಪ್ಪದೆ ಅಚ್ಚು ಹಾಕಿಸಿ. ಕೃತಿಗೆ ತನ್ನ ಹೆಸರಿರಬೇಕೆಂಬುದು ಕಲಾವಿದರಿಗೆ ಕಾಯ್ದೆಯೇ ಕೊಟ್ಟ ಹಕ್ಕು. ಕನ್ನಡದಲ್ಲಿ ಎಷ್ಟೋ ಹಳೆಯ ಮುಖಪುಟಗಳು ಯಾರವು ಎಂದೇ ಗೊತ್ತಾಗದೆ ಹೋಗಿವೆ. ಆ ಅನ್ಯಾಯ ಮುಂದುವರಿಯಬಾರದು.

ಪ್ರಶ್ನೆ: ಪ್ರಕಾಶಕರು ಎರಡು ಮಾದರಿ ಕಳುಹಿಸಿ ನಾಳೆಯೊಳಗೆ ಒಂದನ್ನು ಆರಿಸಿ ಎಂದಿದ್ದಾರೆ. ಸಂಶೋಧನೆಗೆ ಸಮಯವಿಲ್ಲ. ಏನು ನೋಡಲಿ?
– ಪುಣೆಯ ಓದುಗರು

ಉತ್ತರ: ಎರಡನ್ನೂ ಪುಸ್ತಕದ ನಿಜವಾದ ಅಳತೆಯಲ್ಲಿ, ಡೆಮಿ 1/8 ಆದರೆ ಐದೂವರೆಗೆ ಎಂಟೂವರೆ ಇಂಚು, ಕಪ್ಪು ಬಿಳುಪಿನಲ್ಲಿ ಅಚ್ಚು ತೆಗೆಯಿರಿ. ಶೀರ್ಷಿಕೆ ಹಿನ್ನೆಲೆಯಲ್ಲಿ ಕರಗಿಹೋದರೆ ಆ ಮಾದರಿ ಬೇಡ. ಉಳಿದದ್ದನ್ನು ಒಂದು ಪುಸ್ತಕಕ್ಕೆ ಸುತ್ತಿ, ನಿಮ್ಮ ಕಪಾಟಿನಲ್ಲಿರುವ ಅದೇ ಬಗೆಯ ನಾಲ್ಕೈದು ಪುಸ್ತಕಗಳ ಜೊತೆ ಸಾಲಾಗಿ ನಿಲ್ಲಿಸಿ, ಕೋಣೆಯ ಬಾಗಿಲಿನಿಂದ ನೋಡಿ. ನಿಮ್ಮದೇ ಮೊದಲು ಕಣ್ಣಿಗೆ ಬೀಳಬೇಕೆಂದಿಲ್ಲ, ಆದರೆ ಅದು ಕಾದಂಬರಿಯೋ ಪ್ರಬಂಧವೋ ಎಂಬುದು ಅಲ್ಲಿಂದಲೇ ತಿಳಿಯಬೇಕು. ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಿರಿದು ಮಾಡಿಯೂ ನೋಡಿ, ಈಗ ಬಹಳ ಓದುಗರು ಪುಸ್ತಕವನ್ನು ಮೊದಲು ಕಾಣುವುದು ಆ ಅಳತೆಯಲ್ಲೇ. ಮಾದರಿಯಲ್ಲಿ ಬೆನ್ನು ಕಾಣದಿದ್ದರೆ ಕೇಳಿ ತರಿಸಿಕೊಳ್ಳಿ. 160 ಪುಟ ಎಂದರೆ 80 ಹಾಳೆ. ಹಾಳೆಯ ದಪ್ಪ 0.1 ಮಿಲಿಮೀಟರ್ ಆದರೆ ಬೆನ್ನು 8 ಮಿಲಿಮೀಟರ್. ಅಷ್ಟರಲ್ಲಿ ಒತ್ತಕ್ಷರವಿರುವ ಶೀರ್ಷಿಕೆ ಉಸಿರಾಡುವಂತೆ ಕೂರಬೇಕು. ಹಾಳೆಯ ದಪ್ಪವನ್ನು ಮುದ್ರಕರಿಂದಲೇ ತಿಳಿದು ಈ ಲೆಕ್ಕವನ್ನು ಇವತ್ತೇ ಮಾಡಿಸಿ.