54 ಕಿಲೋ ತೂಗುವ ಪುಟ್ಟ: ಹೊಟ್ಟೆಯ ಮೇಲೆ ಕಣ್ಣಿರಲಿ

ಪ್ರಶ್ನೆ: ನಮ್ಮ ಮನೆಯ ನಾಯಿಯ ಹೆಸರು ಪುಟ್ಟ. ತಂದೆ ಗ್ರೇಟ್ ಡೇನ್, ತಾಯಿ ಮುಧೋಳ ಎಂದು ಮರಿ ಕೊಟ್ಟವರು ಹೇಳಿದ್ದರು. ಈಗ 16 ತಿಂಗಳು, 54 ಕಿಲೋ ತೂಕ. ರಾತ್ರಿ ಒಂದೇ ಹೊತ್ತು ರಾಗಿಮುದ್ದೆ, ಅನ್ನ, ಕೋಳಿಸಾರು ಹಾಕುತ್ತೇವೆ. ಎರಡು ನಿಮಿಷದಲ್ಲಿ ತಟ್ಟೆ ಖಾಲಿ. ಆದರೂ ಪಕ್ಕೆಲುಬು ಕಾಣುತ್ತದೆ. ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಸಿರಪ್ ಕೊಡುತ್ತಿದ್ದೇವೆ. ಮನೆಯಲ್ಲಿ 70 ದಾಟಿದ ಅತ್ತೆಯವರು, 6 ವರ್ಷದ ಮಗಳು ಇದ್ದಾರೆ. ಇಷ್ಟು ದೊಡ್ಡ ಮಿಶ್ರತಳಿ ನಾಯಿಯನ್ನು ಸಾಕುವುದಕ್ಕೆ ಸರ್ಕಾರದ ನಿಷೇಧವಿದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ಪುಟ್ಟ ತನ್ನ ಮದುವೆಯವರೆಗೂ ಇರುತ್ತಾನೆಯೇ ಎಂದು ಮಗಳು ಕೇಳುತ್ತಾಳೆ. ಏನು ಹೇಳಲಿ?
– ಗೃಹಿಣಿ, ತಿಪಟೂರು

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಪ್ರಶ್ನೆಯಾಗಿ ಕೇಳದೇ ಬಿಟ್ಟ ಮಾತು: ದಿನದ ಊಟವೆಲ್ಲ ರಾತ್ರಿ ಒಂದೇ ಹೊತ್ತಿಗೆ, ಅದೂ ಎರಡು ನಿಮಿಷದಲ್ಲಿ. ಉಳಿದುದನ್ನು ಆಮೇಲೆ ನೋಡೋಣ, ಮೊದಲು ಇದನ್ನು ಬದಲಿಸಿ.

ಪುಟ್ಟನ ತಂದೆಯ ಕಡೆಯೂ ತಾಯಿಯ ಕಡೆಯೂ ಆಳವಾದ, ಇಕ್ಕಟ್ಟಾದ ಎದೆಗೂಡಿನ ತಳಿಗಳು. ಇಂಥ ದೇಹದ ದೊಡ್ಡ ನಾಯಿಗಳ ಜಠರದಲ್ಲಿ ಗಾಳಿ ತುಂಬಿ, ಜೋತುಬಿದ್ದ ಬಟ್ಟೆಯ ಚೀಲದಂತೆ ಅದು ಸುತ್ತಿಕೊಂಡುಬಿಡುವ ಅಪಾಯವಿದೆ. ಸುತ್ತಿಕೊಂಡರೆ ಮೇಲಿನ ಬಾಯಿ, ಕೆಳಗಿನ ಬಾಯಿ ಎರಡೂ ಮುಚ್ಚುತ್ತವೆ, ರಕ್ತಸಂಚಾರ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ನಾಯಿ ಸಾಯುತ್ತದೆ. ಒಮ್ಮೆ ನಸುಕಿನಲ್ಲಿ ಒಬ್ಬರು ತಮ್ಮ ಗ್ರೇಟ್ ಡೇನ್ ನಾಯಿಯನ್ನು ಜೀಪಿನಲ್ಲಿ ಮಲಗಿಸಿಕೊಂಡು ನನ್ನಲ್ಲಿಗೆ ತಂದರು. ರಾತ್ರಿ ಹತ್ತಕ್ಕೇ ಹೊಟ್ಟೆ ಉಬ್ಬಿತ್ತಂತೆ. ವಾಯು ಇರಬೇಕೆಂದು ಓಂಕಾಳಿನ ಕಷಾಯ ಕುಡಿಸಿ, ಬೆಳಗಾಗಲಿ ಎಂದು ಕಾದಿದ್ದರು. ಪ್ರೀತಿಗೆ ಕೊರತೆ ಇರಲಿಲ್ಲ, ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ನಾನು ಸೂಜಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಅಂದಿನಿಂದ ದೊಡ್ಡ ನಾಯಿ ಸಾಕಿರುವ ಯಾರನ್ನು ಕಂಡರೂ ಈ ಕಾಯಿಲೆಯ ಲಕ್ಷಣಗಳನ್ನು ಬಾಯಿಪಾಠ ಮಾಡಿಸುತ್ತೇನೆ.

ನೀವೂ ಮಾಡಿಕೊಳ್ಳಿ. ವಾಂತಿಗೆಂದು ಮತ್ತೆ ಮತ್ತೆ ಓಕರಿಸುತ್ತಾನೆ, ಆದರೆ ಜೊಲ್ಲು, ನೊರೆಯ ಹೊರತು ಏನೂ ಬರುವುದಿಲ್ಲ. ಇದೇ ಮುಖ್ಯ ಲಕ್ಷಣ. ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ, ತನ್ನ ಹೊಟ್ಟೆಯನ್ನೇ ತಿರುಗಿ ತಿರುಗಿ ನೋಡಿಕೊಳ್ಳುತ್ತಾನೆ. ಪಕ್ಕೆಲುಬಿನ ಹಿಂದೆ ಹೊಟ್ಟೆ ತಮಟೆಯಂತೆ ಬಿಗಿಯಬಹುದು, ಆದರೆ ಆಳವಾದ ಎದೆಯ ನಾಯಿಯಲ್ಲಿ ಆರಂಭದಲ್ಲೇ ಅದು ಎದ್ದು ಕಾಣದೆಯೂ ಇರಬಹುದು. ವಸಡು ಬಿಳಿಚಿಕೊಂಡರೆ ಆಗಲೇ ತಡವಾಗಿದೆ ಎಂದು ಅರ್ಥ. ಮನೆಮದ್ದು ಬೇಡ, ನೀರೂ ಕುಡಿಸಬೇಡಿ, ಹೊರಡಿ. ಎಲ್ಲಿಗೆ ಎನ್ನುವುದನ್ನು ಇಂದೇ ಗೊತ್ತುಮಾಡಿಕೊಳ್ಳಿ. ನಿಮಗೆ ಹಾಸನದ ಪಶುವೈದ್ಯಕೀಯ ಕಾಲೇಜು ಹತ್ತಿರ, ಬೆಂಗಳೂರಿನ ಹೆಬ್ಬಾಳದಲ್ಲೂ ಒಂದಿದೆ. ರಾತ್ರಿ ಎರಡು ಗಂಟೆಗೆ ಶಸ್ತ್ರಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ಈಗಲೇ ಫೋನ್ ಮಾಡಿ ಕೇಳಿ, ಆ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ. 54 ಕಿಲೋದ ನಾಯಿಯನ್ನು ಎತ್ತಿ ಸಾಗಿಸಲು ಯಾವ ವಾಹನ, ಯಾರು ಜೊತೆಗಿರುತ್ತಾರೆ ಎನ್ನುವುದೂ ತೀರ್ಮಾನವಾಗಿರಲಿ.

ಈ ಅಪಾಯವನ್ನು ಕಡಿಮೆ ಮಾಡಲು ಅದೇ ಊಟವನ್ನು ಎರಡು ಅಥವಾ ಮೂರು ಹೊತ್ತಿಗೆ ಹಂಚಿ. ಊಟವಾದ ಮೇಲೆ ಒಂದು ಗಂಟೆಯಾದರೂ ಓಟ, ಆಟ ಬೇಡ. ಗಬಗಬನೆ ನುಂಗುವವನಿಗೆ ಅಗಲವಾದ ತಟ್ಟೆಯಲ್ಲಿ ಹರಡಿ ಹಾಕಿ, ಮುದ್ದೆಯನ್ನು ಸಣ್ಣಗೆ ಮುರಿದು ಕೊಡಿ. ದೊಡ್ಡ ನಾಯಿಗೆಂದು ತಟ್ಟೆಯನ್ನು ಎತ್ತರದ ಸ್ಟ್ಯಾಂಡಿನ ಮೇಲಿಡುವ ರೂಢಿಯಿದೆ. ಅದರಿಂದ ಈ ಅಪಾಯ ಹೆಚ್ಚಬಹುದು ಎಂದು ಅಧ್ಯಯನವೊಂದು ಕಂಡುಕೊಂಡಿದೆ, ಆದ್ದರಿಂದ ನೆಲದ ಮೇಲೆಯೇ ಇಡಿ. ಇನ್ನೊಂದು ದಾರಿ, ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿದುಬಿಡುವ ಶಸ್ತ್ರಚಿಕಿತ್ಸೆ. ಗಾಳಿ ತುಂಬುವುದನ್ನು ಅದು ತಡೆಯದಿದ್ದರೂ ಸುತ್ತಿಕೊಳ್ಳುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಸಂತಾನಹರಣ ಮಾಡಿಸುವುದಿದ್ದರೆ ಒಂದೇ ಅರಿವಳಿಕೆಯಲ್ಲಿ ಎರಡನ್ನೂ ಮಾಡಿಸಬಹುದು. ಅದಕ್ಕೆ ಅವನ ಬೆಳವಣಿಗೆ ಮುಗಿಯುವವರೆಗೆ ಕಾಯಿರಿ. ತಾಯಿ ಮುಧೋಳ ಎಂದು ಶಸ್ತ್ರಚಿಕಿತ್ಸಕರಿಗೆ ಮರೆಯದೆ ಹೇಳಿ. ಗ್ರೇಹೌಂಡ್‌ನಂಥ ಓಟದ ಬೇಟೆನಾಯಿಗಳು ಕೆಲವು ಅರಿವಳಿಕೆ ಔಷಧಿಗಳಿಂದ ಚೇತರಿಸಿಕೊಳ್ಳುವುದು ನಿಧಾನ, ಮುಧೋಳವೂ ಆ ಬಗೆಯದೇ.

ಇನ್ನು ಪಕ್ಕೆಲುಬು. ಕೊನೆಯ ಒಂದೆರಡು ಎಲುಬು ತೆಳುವಾಗಿ ಕಂಡರೆ ದಯವಿಟ್ಟು ಚಿಂತಿಸಬೇಡಿ, ಮುಧೋಳದ ಮಗ ಹಾಗೆಯೇ ಇರಬೇಕು. ಈ ವಯಸ್ಸಿನಲ್ಲಿ ಮೈ ತುಂಬಿಸಿದರೆ ಭಾರವೆಲ್ಲ ಬೀಳುವುದು ಬಲಿಯದ ಕೀಲುಗಳ ಮೇಲೆ. ಬೆನ್ನೆಲುಬು, ಸೊಂಟದ ಮೂಳೆಯೂ ಚೂಪಾಗಿ ಎದ್ದು ಕಂಡರೆ ಮಾತ್ರ ಪರೀಕ್ಷೆ ಮಾಡಿಸಿ. ಜಂತುಹುಳುವಿನ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ ಕೊಟ್ಟಿದ್ದೀರಾ? ಎಷ್ಟೋ ಮಾತ್ರೆಗಳು 10 ಕಿಲೋಗೆ ಒಂದರಂತೆ ಲೆಕ್ಕ, ಇಂಥ ನಾಯಿಗೆ ಒಂದೇ ನುಂಗಿಸಿ ಸುಮ್ಮನಾಗುವವರನ್ನು ಬಹಳ ಕಂಡಿದ್ದೇನೆ. ತೂಕಕ್ಕೆ ಅಂದಾಜು ಬೇಡ. ನಿಮ್ಮ ಊರಿನಲ್ಲಿ ಕೊಬ್ಬರಿ ತೂಗುವ ಯಂತ್ರಗಳಿಗೇನು ಬರವೇ?

ಕ್ಯಾಲ್ಸಿಯಂ ಸಿರಪ್ಪನ್ನು ಇಂದೇ ನಿಲ್ಲಿಸಿ. ಭಾರೀ ತಳಿಗಳ ಬೆಳವಣಿಗೆ 18ರಿಂದ 24 ತಿಂಗಳವರೆಗೂ ನಡೆಯುತ್ತದೆ. ಆ ಅವಧಿಯಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ಮೂಳೆ ಗಟ್ಟಿಯಾಗುವ ಬದಲು ಸೊಟ್ಟಗಾಗಬಹುದು, ಕೀಲು ಕೆಡಬಹುದು. ಗ್ರೇಟ್ ಡೇನ್ ಮರಿಗಳ ಮೇಲೆಯೇ ನಡೆದ ಅಧ್ಯಯನಗಳಲ್ಲಿ ಇದು ಕಂಡುಬಂದಿದೆ. ಆದರೆ ಮನೆಯೂಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುವ ಸಾಧ್ಯತೆಯೂ ಇದೆ. ಹಾಗಾಗಿ ವಾರದ ಊಟವನ್ನು ಬರೆದುಕೊಂಡು ಪಶುವೈದ್ಯರಿಗೆ ತೋರಿಸಿ, ಅಳತೆಯನ್ನು ಅವರೇ ಹೇಳಲಿ. ಇಲ್ಲವೇ ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಸಿದ್ಧ ಆಹಾರ ಕೊಡಿ. ರಾಗಿ ಇರಲಿ, ಆದರೆ ತಟ್ಟೆಯಲ್ಲಿ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸದ ಪಾಲು ಹೆಚ್ಚಬೇಕು. ಕೋಳಿಸಾರು ಮಾತ್ರ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಸಾಲೆ ಅರೆಯುವ ಮೊದಲೇ ಅವನ ಪಾಲನ್ನು ಬೇರೆ ಬೇಯಿಸಿ ತೆಗೆದಿಡಿ.

ಮಗು ನಾಯಿಯ ಜೊತೆ ಇದ್ದಾಗಲೆಲ್ಲ ದೊಡ್ಡವರೊಬ್ಬರು ಹತ್ತಿರವಿರಬೇಕು, ಅವನ ತಟ್ಟೆಯ ಬಳಿಗೆ ಅವಳು ಹೋಗಬಾರದು. ಆದರೆ ನನಗೆ ಹೆಚ್ಚು ಭಯ ನಿಮ್ಮ ಅತ್ತೆಯವರದು. ಪುಟ್ಟ ಕೆಡುಕನಲ್ಲ, ಆದರೆ ಸಂತೋಷದಿಂದ ಒರಗಿದರೂ ಸಾಕು, ಅವರು ಬಿದ್ದು ಸೊಂಟ ಮುರಿದುಕೊಳ್ಳಬಹುದು. ಅವನಿಗೆ ದಪ್ಪ ಹತ್ತಿಯ ಹಾಸಿಗೆಯೊಂದನ್ನು ಗೊತ್ತುಮಾಡಿ, ಅತ್ತೆಯವರು ಓಡಾಡುವಾಗ ಅಲ್ಲೇ ಮಲಗಿರುವುದನ್ನು ಕಲಿಸಿ. ಮಲಗಿದಾಗಲೆಲ್ಲ ಒಂದು ತುಂಡು ಕೋಳಿ ಕೊಟ್ಟರೆ ಬೇಗ ಕಲಿಯುತ್ತಾನೆ. ಬರಿನೆಲದ ಮೇಲೆ ಮಲಗಿ ಮೊಣಕೈ ಜಡ್ಡುಗಟ್ಟುವುದೂ ಇದರಿಂದ ತಪ್ಪುತ್ತದೆ. ಮೈಮೇಲೆ ನೆಗೆದರೆ ಮನೆಯವರೆಲ್ಲರೂ ಬೆನ್ನು ತಿರುಗಿಸಿ ನಿಲ್ಲಿ, ಒಬ್ಬರು ಮುದ್ದಿಸಿ ಇನ್ನೊಬ್ಬರು ಗದರಿದರೆ ಅವನಿಗೆ ತಿಳಿಯುವುದಿಲ್ಲ. ವಾಕಿಂಗಿಗೆ ಕೊರಳಪಟ್ಟಿಯ ಬದಲು ಎದೆಯ ಮುಂದೆ ಹಗ್ಗ ಕಟ್ಟುವ ಪಟ್ಟಿ ಒಳ್ಳೆಯದು. ಬಿಸಿಲೇರುವ ಮೊದಲೇ ಮುಗಿಸಿ.

ನಿಷೇಧದ ಮಾತು: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ನಿರ್ಬಂಧಿಸುವಂತೆ ಸುತ್ತೋಲೆ ಹೊರಡಿಸಿದ್ದು ನಿಜ. ಆ ಪಟ್ಟಿಯಲ್ಲಿ ಗ್ರೇಟ್ ಡೇನ್ ಇರಲಿಲ್ಲ, ಮುಧೋಳವೂ ಇರಲಿಲ್ಲ. ಆ ಸುತ್ತೋಲೆಯನ್ನೇ ಕರ್ನಾಟಕ ಹೈಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ರೇಬಿಸ್ ಲಸಿಕೆಯ ಪುಸ್ತಕ ಮನೆಯಲ್ಲಿರಲಿ, ನಗರಸಭೆಯಲ್ಲಿ ಪರವಾನಗಿಯ ನಿಯಮವನ್ನು ವಿಚಾರಿಸಿ.

ಮಗಳಿಗೆ ಸುಳ್ಳು ಹೇಳಬೇಡಿ. ಗ್ರೇಟ್ ಡೇನ್ ಸಾಮಾನ್ಯವಾಗಿ 7ರಿಂದ 10 ವರ್ಷ ಬದುಕುತ್ತದೆ. ಮುಧೋಳದ ಆಯಸ್ಸು ಅದಕ್ಕಿಂತ ಹೆಚ್ಚು, ಆ ರಕ್ತ ಪುಟ್ಟನಿಗೆ ಒಂದೆರಡು ವರ್ಷ ಕೂಡಿಸಿದರೂ ಕೂಡಿಸೀತು. ಐದು ತುಂಬಿದ ಮೇಲೆ ಆರು ತಿಂಗಳಿಗೊಮ್ಮೆ ಹೃದಯದ ತಪಾಸಣೆ ಮಾಡಿಸಿ. ಆ ವಯಸ್ಸಿನ ದೊಡ್ಡ ನಾಯಿ ಕುಂಟಲು ಶುರುಮಾಡಿದರೆ ಉಳುಕು ಎಂದು ಬಿಡದೆ ಎಕ್ಸ್‌ರೇ ತೆಗೆಸಬೇಕು, ಮೂಳೆಯ ಕ್ಯಾನ್ಸರ್ ಈ ಗಾತ್ರದ ನಾಯಿಗಳಲ್ಲಿ ಹೆಚ್ಚು. ಮದುವೆಯವರೆಗೆ ಅವನು ಇರುವುದಿಲ್ಲ ಎಂದು ಅವಳಿಗೆ ಮೆಲ್ಲಗೆ ಹೇಳಿ. ಅವಳು ಎಸ್ಸೆಸ್ಸೆಲ್ಸಿಗೆ ಓದುವಾಗ ಮುದುಕನಾಗಿ, ಅದೇ ಹತ್ತಿಯ ಹಾಸಿಗೆಯ ಮೇಲೆ, ಅವಳ ಮೇಜಿನ ಪಕ್ಕ ಮಲಗಿರಬಹುದು ಎಂದೂ ಹೇಳಿ.